ಹಾಲುಪುಡಿ ಡಬ್ಬಿ

ಕೋಳಿಗಿಂತ ಮೊದಲು ನನ್ನ ಒನಕೆ ಕೂಗುತ್ತದೆ.
ಒಡುಮಾಸೆಯ ಈ ಓಣಿಯಲ್ಲಿ
ಯಾರೂ ಗಡಿಯಾರಕ್ಕೆ ಕೀಲಿ ಕೊಡುವುದಿಲ್ಲ;
ಮಾಮ್ಲೆ ಗಾಜು ಕುಟ್ಟಿದಳೆಂದರೆ
ಎದ್ದು ಮುಖ ತೊಳೆಯುತ್ತಾರೆ,
ಒಂದಿಷ್ಟು ಬೈಯುತ್ತಾರೆ ಕೂಡ.

ಬಿಯರಿನ ಹಸಿರು, ಮುಲಾಮಿನ ನೀಲಿ,
ಯಾರದೋ ಮದುವೆಯ ಸೋಡಾದ ಬಿಳಿ.
ಬೇರೆ ಬೇರೆ ಕುಟ್ಟಿ, ಬೇರೆ ಬೇರೆ ಸೋಸುತ್ತೇನೆ
ಮೂಗಿಗೆ ಗಂಡನ ಕರವಸ್ತ್ರ ಕಟ್ಟಿಕೊಂಡು.
ಅದಕ್ಕಿನ್ನೂ ಅವನ ನಶ್ಯದ ವಾಸನೆ,
ಇಲ್ಲವೇ ನನ್ನ ಮೂಗಿಗೆ ಅದೇ ಅಭ್ಯಾಸ.

ಮಣ್ಣಿನ ಅಚ್ಚಿಗೆ ನಲವತ್ತು ಗುಳಿ.
ಗುಳಿಗೊಂದು ಚಿಟಿಕೆ ಗಾಜಿನ ಹಿಟ್ಟು, ನಟ್ಟನಡುವೆ
ಮರಗೆಣಸಿನ ಎಲೆತೊಟ್ಟು, ನೆಟ್ಟಗೆ.
ಬೆಂಕಿಯಲ್ಲಿ ಗಾಜು ಕರಗಿ ಕೂಡುತ್ತದೆ,
ತೊಟ್ಟು ಉರಿದು ಹೋಗುತ್ತದೆ.
ಅದು ಇದ್ದ ಜಾಗವೇ ದಾರಕ್ಕೆ ದಾರಿ.
ಕಲಿಸುವಾಗ ಅತ್ತೆ ಹೇಳಿದ್ದು ಇಷ್ಟೇ:
"ತೊಟ್ಟು ಹಸಿಯಿರಲಿ, ಬಾಯಿ ಮುಚ್ಚಿರಲಿ."

ಹುತ್ತದ ಮಣ್ಣಿನ ಗೂಡು, ತಾಳೆಬೀಜದ ಕರಟದ ಕೆಂಡ.
ಮೈದುನ ತೇಯೆ ಉದ್ದನೆಯ ಸಲಿಕೆಯಲ್ಲಿ ಅಚ್ಚು ಎಳೆದು
"ನೋಡು ಅತ್ತಿಗೆ, ಇವತ್ತು ಒಂದೂ ಒಡೆಯಲಿಲ್ಲ" ಎನ್ನುತ್ತಾನೆ.
ದಿನಾ ಎನ್ನುತ್ತಾನೆ.
ದಿನಾ ಎರಡೋ ಮೂರೋ ಒಡೆದಿರುತ್ತವೆ.
ಒಡೆದದ್ದು ಮತ್ತೆ ಒರಳಿಗೆ.

ದಿನದ ಮೊದಲ ಮಣಿಯನ್ನು ಮಾತ್ರ ಮಾರುವುದಿಲ್ಲ.
ಕಲ್ಲಿನ ಮೇಲೆ ಮರಳುನೀರಲ್ಲಿ ಉಜ್ಜಿ
ದೊಡ್ಡ ಹಾಲುಪುಡಿ ಡಬ್ಬಿಗೆ ಹಾಕುತ್ತೇನೆ.
ಯಾಕೆಂದು ಕೇಳಬೇಡಿ.
ಮೊದಲ ದಿನ ಠಣ್ ಎಂದಿತ್ತು;
ಏಳನೆಯ ವರ್ಷಕ್ಕೆ ಟಿಕ್ ಎನ್ನುವುದೂ ಕಷ್ಟ,
ಉಂಡು ಮಲಗಿದವರ ಹಾಗೆ.

ತಳದಲ್ಲಿ ಹಸಿರು: ಎದುರಿಗೆ ಬಾರ್ ತೆರೆದ ವರ್ಷ.
ಅದರ ಮೇಲೆ ನೀಲಿ: ಮಗಳು ಲಾಕೊ
ಹಡೆದು ಬಂದು, ಮೂರು ತಿಂಗಳು
ಮೈತುಂಬ ಮುಲಾಮು ಬಳಿದುಕೊಂಡದ್ದು.
ಆಮೇಲೆ ಕಂದು, ಬರೀ ಕಂದು, ನಾಲ್ಕು ಬೆರಳು ದಪ್ಪ,
ಗಂಡನ ಕೆಮ್ಮಿನ ಸೀಸೆಗಳು.
ಔಷಧದಂಗಡಿಗೆ ಸುರಿದ ದುಡ್ಡನ್ನು
ಹೀಗಾದರೂ ವಸೂಲು ಮಾಡಬೇಕಲ್ಲ.
ಆಮೇಲೆ, ಏನು ಸಿಕ್ಕಿತೋ ಅದು.

ಅಕ್ಷರ ಬಾರದವಳು ನಾನು.
ಡಬ್ಬಿಯೊಳಗೆ ಕೈ ಇಳಿಸಿ, ಎಷ್ಟು ಆಳದಲ್ಲಿ
ಯಾವ ಮಳೆಗಾಲವೆಂದು ಹೇಳಬಲ್ಲೆ.
ಹೇಳಬಲ್ಲವಳಾಗಿದ್ದೆ.

ಬುಧವಾರ ಅಗೊಮಾನ್ಯ ಸಂತೆಯಿಂದ ಬಂದು ನೋಡಿದರೆ
ಲಾಕೊಳ ಮಗಳು, ಆರು ವರ್ಷದ ದೇದೆ,
ಡಬ್ಬಿ ಬೋರಲು ಹಾಕಿದ್ದಾಳೆ. ಅಂಗಳವೆಲ್ಲ ಮಣಿ.
ಕೋಳಿಯೊಂದು ಒಂದನ್ನು ಕುಕ್ಕಿ ನೋಡಿ
ರುಚಿಯಿಲ್ಲವೆಂದು ಬಿಟ್ಟು ಹೋಯಿತು.
ಬಾಯಿ ತೆರೆದೆ.
ಅತ್ತೆಯ ಮಾತು ನೆನಪಾಯಿತು.

ಅವಳಾಗಲೇ ಗಾಳದ ದಾರಕ್ಕೆ ಪೋಣಿಸುತ್ತಿದ್ದಳು
ನಾಲಿಗೆಯ ತುದಿ ಹೊರಗೆ ಚಾಚಿ:
ಒಂದು ಕೆಮ್ಮು, ಒಂದು ಬಾರಿನ ಗದ್ದಲ,
ಎರಡು ಬಾಣಂತನ, ಮತ್ತೊಂದು ಕೆಮ್ಮು.
"ಇದು ಯಾಕೆ ಇಲ್ಲಿ?" ಎಂದೆ ಕಂದನ್ನು ಮುಟ್ಟಿ.
"ಅದಕ್ಕೆ ಅಲ್ಲೇ ಇರಬೇಕಂತೆ."
ಯಾರು ಹೇಳಿದರೆಂದು ನಾನು ಕೇಳಲಿಲ್ಲ.

ಸರ ಅವಳ ಸೊಂಟಕ್ಕೆ ಮೂರು ಸುತ್ತು ಬಂತು.
ಎದ್ದು ಓಡಿದಳು. ಜೊತೆಗೆ ಓಡಿದವು
ನನ್ನ ಏಳು ವರ್ಷ, ಹಿಂದುಮುಂದಾಗಿ, ಗಲಗಲ,
ಪಕ್ಕದ ಮನೆಯ ಮೇಕೆಗಳ ತನಕ.

ಉಳಿದದ್ದನ್ನು ಶನಿವಾರ ಹಾಗೇ ಬೆರಕೆಯಾಗಿ ಮಾರಿದೆ.
ಕಂದು ಯಾರಿಗೂ ಬೇಡವೆಂದು
ಕೊಳ್ಳುವವಳು ಚೌಕಾಸಿ ಮಾಡಿದಳು.
ಒಂದು ಕಾಸೂ ಬಿಡಲಿಲ್ಲ ನಾನು.

ಇವತ್ತು ತೊಟ್ಟು ಮುರಿದೆ, ಗುಳಿ ತುಂಬಿದೆ.
ತೇಯೆ ಒಡೆಯಲಿಲ್ಲವೆಂದ. ಎರಡು ಒಡೆದಿದ್ದವು.
ಆರಿದ ಮೇಲೆ ಮೊದಲನೆಯದನ್ನು ಉಜ್ಜಿ
ಡಬ್ಬಿಗೆ ಹಾಕಿದೆ.

ಠಣ್.

ಮಧ್ಯಾಹ್ನದ ನಿದ್ದೆಯಲ್ಲಿ ದೇದೆ ಮಗ್ಗುಲಾದಳು;
ಅವಳ ಸೊಂಟದಲ್ಲಿ
ಅಜ್ಜ ಮೆಲ್ಲಗೆ ಕೆಮ್ಮಿದ.