ಹಾಸಿಗೆ ಇದ್ದಷ್ಟು

ಮೊದಲ ಸಲ ಬಂದಾಗ ಇಫಿಯೋಮಾ ಕೇಳಿದ್ದು
ಮಕ್ಕಳೆಂದರೆ ಇಷ್ಟವಾ ಅಂತಲ್ಲ,
ಆರು ತಿಂಗಳ ಬ್ಯಾಂಕ್ ಲೆಕ್ಕ ತೋರಿಸಿ ಅಂತ.
ತೋರಿಸಿದೆ. ಕನ್ನಡಕ ಮೇಲೇರಿಸಿ
ನನ್ನ ಬದುಕಿನ ಮೇಲೆ ಪೆನ್ಸಿಲ್ ಆಡಿಸಿದಳು:
ಬಾಡಿಗೆ, ಗ್ಯಾಸು, ಕ್ಲಿಫ್‌ನ ಗೋರಿಕಲ್ಲಿನ ಕಂತು,
ಶುಕ್ರವಾರದ ಬಿಂಗೊ.
'ಇದು?' ಅಂದಳು.
'ಅದು ನಾನು' ಅಂದೆ.

ಗ್ರಿಮ್ಸ್‌ಬಿಯ ಮೀನು ಕೊಯ್ಯುವ ಶೆಡ್ಡಿನಲ್ಲಿ
ಹತ್ತೊಂಬತ್ತು ವರ್ಷ ನಿಂತ ಕಾಲುಗಳು ನನ್ನವು.
ರಾತ್ರಿ ಪಾಳಿ ಬಿಡಬೇಕಾಗುತ್ತೆ, ಅಂದಳು,
ಇಂಥ ಮಕ್ಕಳು ಎದ್ದು ಕೂರುವುದೇ ರಾತ್ರಿ.
ಪಾಳಿ ಬಿಟ್ಟರೆ ಸಂಬಳದ ಮೂರನೇ ಒಂದು ಪಾಲು ಖೋತಾ.
ಕೊಡುವ ಭತ್ಯೆ ಆ ಗುಂಡಿ ತುಂಬುತ್ತಾ?
'ಇಲ್ಲ. ಅದು ಮಗುವಿನ ದುಡ್ಡು.'
ಸುಳ್ಳು ಹೇಳಲಿಲ್ಲವಲ್ಲ,
ಅದಕ್ಕೇ ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಕಾಲು ಬರುವ ಮುಂಚೆಯೇ ಹಾಸಿಗೆ ಕೊಳ್ಳಬೇಕು,
ಎಷ್ಟುದ್ದದ ಕಾಲೋ ಗೊತ್ತಿಲ್ಲದೆ.
ಮಂಚ, ಬೀರು, ಹೊಗೆಯಾದರೆ ಅರಚುವ ಗಂಟೆ,
ಕಿಟಕಿಗೆ ಬೀಗ, ಮೆಟ್ಟಿಲಿಗೆ ಗೇಟು.
ಕ್ಲಿಫ್‌ನ ಗಾಳದ ಕೋಲುಗಳನ್ನು ಮಾರಿದೆ,
ಒಂದನ್ನು ಬಿಟ್ಟು.

ಬಂದವನು ಒಂಬತ್ತು ವರ್ಷದ ಡೆಕ್ಲನ್,
ಕಸದ ಕಪ್ಪು ಚೀಲದಲ್ಲಿ ಬಟ್ಟೆ,
ಎಡಗಾಲಿಗೊಂದು ಅಳತೆ ಬಲಗಾಲಿಗೊಂದು ಅಳತೆಯ ಬೂಟು.
ಎಳೆಗೂಸುಗಳ ಆ ಗೇಟು ನೋಡಿ
ನನ್ನ ಮುಖ ನೋಡಿ
ದಾಟಿಕೊಂಡು ಹೋದ.
ಮೊದಲ ಭತ್ಯೆ ಬಂದದ್ದು ನಾಲ್ಕನೇ ಮಂಗಳವಾರ.
ಹುಡುಗ ಮಾತ್ರ ಅವತ್ತೇ ರಾತ್ರಿ ಹಸಿದಿದ್ದ.

ನೀಲಿ ಪುಸ್ತಕವೊಂದು ತಂದು ಗೆರೆ ಎಳೆದೆ.
ಬೂಟು. ಬಸ್ಸು. ಕ್ಷೌರ. ಒಡೆದ ಗಾಜು.
ದಿಂಬಿನ ಕೆಳಗೆ ಬೂಷ್ಟು ಹಿಡಿದ ಬ್ರೆಡ್ಡು
ಊಟದ ಲೆಕ್ಕವೋ ಹಾಸಿಗೆಯ ಲೆಕ್ಕವೋ?
ಸ್ಕಂತೋರ್ಪ್‌ಗೆ, ಅವನ ತಾಯಿಯ ಭೇಟಿಗೆ
ಮೈಲಿಗಿಷ್ಟು ಅಂತ ಕೊಡುತ್ತಾರೆ, ನಿಜ.
ಹೋದ ಮೈಲಿಗೂ ಅಷ್ಟೇ,
ಅವಳು ಬಾರದೆ ತಿರುಗಿ ಬಂದ ಮೈಲಿಗೂ ಅಷ್ಟೇ.
ಎರಡನೆಯದು ಉದ್ದ ಅಂತ ಬರೆಯಲು
ಫಾರಂನಲ್ಲಿ ಜಾಗ ಬಿಟ್ಟಿಲ್ಲ.

ನನ್ನ ತಂಗಿ ಬೆರಿಲ್, ಸಿಂಕಿನ ಮುಂದೆ ನಿಂತು,
'ದುಡ್ಡಿಗೋಸ್ಕರ ತಾನೇ?' ಅಂದಳು ಒಂದು ದಿನ.
ಗೋಡೆ ತೆಳು.
ಆ ಭಾನುವಾರ ಅವನು ಮೊಟ್ಟೆ ಸುಲಿಯುತ್ತ ಕೇಳಿದ:
'ವಾರಕ್ಕೆ ನಾನು ಎಷ್ಟು?'

ನಿನಗೆ ಬೆಲೆ ಕಟ್ಟಲಾಗದು ಕಂದಾ, ಅನ್ನಬಹುದಿತ್ತು.
ಅಂಥ ಮಾತು ಕೇಳಿ ಕೇಳಿ
ಕಪ್ಪು ಚೀಲ ಹೊತ್ತು ಬಂದವನು ಅವನು.
ನೀಲಿ ಪುಸ್ತಕ ಮುಂದಿಟ್ಟೆ.
ಬೆರಳಿಟ್ಟು ಓದಿದ, ತುಟಿ ಅಲುಗಿಸುತ್ತ.
ಗಡಿಯಾರದ ಸದ್ದು. ಮೊಟ್ಟೆ ಆರಿತು.
'ಕ್ಷೌರ ಎರಡು ಸಲ ಬರೆದಿದ್ದೀರಿ.
ನನಗೆ ಒಂಬತ್ತು ಪೌಂಡು ಕೊಡಬೇಕು.'
ಕೊಟ್ಟೆ. ಎಣಿಸಿಕೊಂಡ.

'ಬೂಟು ಯಾರದ್ದು?'
'ನಿನ್ನದು. ನೀನು ಹೋಗುವಾಗ ನಿನ್ನ ಜೊತೆ.'
'ಮಂಚ?'
'ಅದು ಮನೆಯದ್ದು.'
ಸುಮಾರು ಹೊತ್ತು ಯೋಚಿಸಿದ.
ಪೆನ್ಸಿಲ್ ತೆಗೆದು, ತನ್ನ ಕಡೆಯಿಂದ ಮಂಚವನ್ನು ಹೊಡೆದು ಹಾಕಿ
ನನ್ನ ಕಡೆ ಬರೆದ,
ಅಕ್ಷರ ತಪ್ಪಾಗಿ.

ಅವತ್ತು ರಾತ್ರಿ ಎರಡು ಗಂಟೆಗೆ
ಎಂದಿನಂತೆ ಇಣುಕಿದೆ. ಎದ್ದು ಕೂತಿರಲಿಲ್ಲ.
ಅಂಗಾತ ಮಲಗಿದ್ದ,
ಹಿಮ್ಮಡಿ ಮಂಚದ ತುದಿ ದಾಟಿ ಹೊರಗೆ.
ಅಡುಗೆಮನೆಗೆ ಇಳಿದು ಪುಸ್ತಕ ತೆರೆದೆ:
ಉದ್ದದ ಮಂಚ, ಮುಂದಿನ ವರ್ಷ.

ಆ 'ಮುಂದಿನ ವರ್ಷ'ವನ್ನು
ಇಫಿಯೋಮಾಗೆ ಇನ್ನೂ ತೋರಿಸಿಲ್ಲ.