ಹತ್ತು ಕೆಜಿಗೊಂದು ಸಲ

ಪಿ.ಬಿ. ರೋಡಿನ ವೇಬ್ರಿಡ್ಜಿನಲ್ಲಿ ನನ್ನದು ರಾತ್ರಿ ಪಾಳಿ.
ಪಥ್ಯದ ಇಪ್ಪತ್ತೆರಡನೇ ದಿನ. ಡಬ್ಬಿಯಲ್ಲಿ
ಅರ್ಧ ಸೌತೆಕಾಯಿ, ನೆನೆಸಿದ ಹೆಸರುಕಾಳು,
ಕೊಟ್ರಮ್ಮನ ಚೀಟಿ: "ಉಪ್ಪು ಹಾಕಿಲ್ಲ, ಹುಡುಕಬೇಡಿ."

ಮೆಕ್ಕೆಜೋಳದ ಲಾರಿಗಳು ಬರುತ್ತವೆ
ಹೊಟ್ಟೆ ಬಿರಿಯ ತುಂಬಿಕೊಂಡು, ಒಂಚೂರೂ ನಾಚದೆ.
ಇಪ್ಪತ್ತೈದು ಟನ್ನೆಂದು ಚೀಟಿ ಹರಿದುಕೊಟ್ಟರೆ
ಡ್ರೈವರು ಮೀಸೆ ತಿರುವುತ್ತಾನೆ.
ನನ್ನ ಎಂಬತ್ತೊಂಬತ್ತು ಕೆಜಿಗೇ ಡಾಕ್ಟರಮ್ಮ
ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

ಎರಡು ಗಂಟೆಗೆ, ಯಾರೂ ಇಲ್ಲದಾಗ,
ಚಪ್ಪಲಿ ಬಿಟ್ಟು, ಕೀಗೊಂಚಲು ಟೇಬಲ್ಲಿಗಿಟ್ಟು
ಲಾರಿ ನಿಲ್ಲುವ ತಗಡಿನ ನಡುವೆ ನಿಲ್ಲುತ್ತೇನೆ,
ಕತ್ತು ಚಾಚಿ ಕಿಟಕಿಯೊಳಗಿನ ಕೆಂಪಂಕಿ ಓದುತ್ತೇನೆ:
ತೊಂಬತ್ತು.
ಮೊದಲ ದಿನವೂ ತೊಂಬತ್ತು.
ಈ ಯಂತ್ರಕ್ಕೆ ಹತ್ತು ಕೆಜಿಗಿಂತ ಕಮ್ಮಿ ಲೆಕ್ಕ ಬರುವುದಿಲ್ಲ;
ನನ್ನ ಇಪ್ಪತ್ತೆರಡು ದಿನ ಅದಕ್ಕೆ ಟೈರಿನ ಧೂಳು.

ಆಗ ಬಂತು ಖಲಂದರನ ಗಾಡಿ,
ಭಟ್ಟಿಯಿಂದ ಮಂಡಕ್ಕಿ ಹೇರಿಕೊಂಡು, ಮನೆಯಷ್ಟೆತ್ತರ;
ತೂಕ ನೋಡಿದರೆ ಖಾಲಿ ಗಾಡಿಗೂ ಅದಕ್ಕೂ
ಅಂಥ ಜಗಳವೇನಿಲ್ಲ.
"ನೋಡು ಹಾಲೇಶಣ್ಣ, ಬರೀ ಗಾಳಿ ಇದು,"
ಅಂತ ಪೇಪರ್ ಪೊಟ್ಟಣ ಬಿಚ್ಚಿದ.
ಒಗ್ಗರಣೆ ಹಾಕಿದ ಗಾಳಿ,
ಹುರಿಗಡಲೆ ಪುಡಿ ಉದುರಿಸಿದ ಗಾಳಿ,
ಪಕ್ಕದಲ್ಲಿ ಎಣ್ಣೆ ಬೆವೆತು ಮಲಗಿದ್ದ
ಎರಡು ಮೆಣಸಿನಕಾಯಿ ಬಜ್ಜಿ.

ತಿಂದೆ. ಪೊಟ್ಟಣದ ಮೂಲೆಯನ್ನೂ ಬಿಡಲಿಲ್ಲ.
ಬಾಯಿ ಒರೆಸಿಕೊಂಡು ಮತ್ತೆ ತಗಡಿನ ಮೇಲೆ ನಿಂತೆ.
ತೊಂಬತ್ತು.
ಬೆಳಗ್ಗೆ ಕೊಟ್ರಮ್ಮ ಕೇಳಿದರೆ ಧೈರ್ಯವಾಗಿ ಹೇಳಬಹುದು,
ಸರ್ಕಾರಿ ಮೊಹರು ಬಿದ್ದ ಯಂತ್ರ, ಸುಳ್ಳು ಹೇಳಲ್ಲ.

ಸೌತೆಕಾಯಿ?
ಅದನ್ನು ಖಲಂದರ್ ತಿಂದ.
ಉಪ್ಪು ಕೇಳಿದ.