ಎಂಟು ಗಂಟೆ ನೀರು ಸೋಕಬಾರದು

ಬುಂಡೋರನ್, ಚಿಪ್ಸ್ ಅಂಗಡಿಯ ಮೇಲಿನ ಕೋಣೆ.
ಫೆಬ್ರವರಿ. ಕಡಲು ಕಿಟಕಿಗೆ ಉಪ್ಪೆರಚುತ್ತಿದೆ.
ನನ್ನ ಕೈಯಲ್ಲಿ ಸ್ಪ್ರೇ ಗನ್ನು,
ಎದುರಿಗೆ ಕಾಗದದ ಚಡ್ಡಿಯಲ್ಲಿ ಕನ್ಸೆಪ್ಟಾ ಟೂಹಿ,
ಅರವತ್ತೊಂಬತ್ತು, ನನ್ನ ಮೊದಲ ಗಿರಾಕಿ.
"ಹೆದರಬೇಡ ಮಗೂ" ಅಂದದ್ದು ಅವಳೇ.

ಮಗ್ಗಿ ಒಪ್ಪಿಸಿದಂತೆ ಒಳಗೊಳಗೇ ಒಪ್ಪಿಸುತ್ತೇನೆ:
ಅಂಗೈಗೆ, ಹಿಮ್ಮಡಿಗೆ ಮೊದಲು ಕ್ರೀಮು,
ಮೊಣಕೈ ಬಾಯಾರಿದ ಜಾಗ, ಕೊಟ್ಟಷ್ಟೂ ಕುಡಿದೀತು,
ಒಂದು ಗೇಣು ದೂರ, ಕೈ ನಿಲ್ಲಕೂಡದು,
ಮುಖದ ಸರದಿ ಬಂದಾಗ
ಅವಳು ಉಸಿರು ಬಿಗಿಹಿಡಿಯಬೇಕು. ನಾನೂ ಹಿಡಿದಿದ್ದೇನೆ.

"ಬಾಟಲಿಯಲ್ಲಿ ಏನಿದೆ?"
ಡಿಎಚ್‌ಎ. ಒಂದು ಪುಟಾಣಿ ಸಕ್ಕರೆ.
ಅದು ಬಳಿಯುವುದಿಲ್ಲ, ಚರ್ಮ ತಾನೇ ಕೆಂಪೇರುತ್ತದೆ
ಒಲೆಯೊಳಗೆ ಬ್ರೆಡ್ಡಿನ ಮೈ ಕೆಂಪೇರುವ ಹಾಗೆ.
ಈಗ ಕಾಣುತ್ತಿರುವುದು ಬರೀ ಗುರುತಿನ ಬಣ್ಣ,
ನಾಳೆ ಬಚ್ಚಲಲ್ಲಿ ಹರಿದುಹೋಗುತ್ತದೆ.
ಒಂದು ತೊಟ್ಟು ಹಸಿರೂ ಇದೆ, ಕಿತ್ತಳೆಯಾಗದಿರಲಿ ಅಂತ.

"ಒಳಗೆ ಇಳಿಯುತ್ತಾ?"
ಇಲ್ಲ, ಮೇಲಿನ ಸತ್ತ ಪದರಕ್ಕಷ್ಟೇ.
ವಾರ ಕಳೆದರೆ ಉದುರುತ್ತದೆ.
"ಸಾಕು ಬಿಡು. ಕುಣಿತ ಇರೋದು ಶನಿವಾರ."

ಉಂಗುರ ತೆಗೆಯಬೇಕೆಂದೆ.
ಸೋಪು ಹಚ್ಚಿ, ತಿರುಚಿ, ಬೈದು,
ಕೊನೆಗೂ ಬಂತು. ಅಡಿಯಲ್ಲಿ
ನಲವತ್ತೆರಡು ವರ್ಷ ಬಿಸಿಲು ಕಾಣದ ಬಳೆಯಂಥ ಬಿಳುಪು.
ಗನ್ನು ಎತ್ತಿದೆ.
"ಅಲ್ಲೊಂದು ಬಿಟ್ಟುಬಿಡು."

ಕೈಗವಸು ತೆಗೆದಿಟ್ಟದ್ದು ಮರೆತು
ಹೆಬ್ಬೆರಳನ್ನು ಆ ಬಿಳುಪಿನ ಮೇಲೊತ್ತಿ ಹಿಡಿದೆ,
ಮಂಜು ಸುತ್ತಲೂ ಇಳಿಯಿತು.

ಅವಳು ಹೇಗೆ ಕುಣಿದಳೋ ತಿಳಿಯದು.
ಮರುದಿನ ಚಹಾ ಲೋಟ ಹಿಡಿದರೆ
ನನ್ನ ಹೆಬ್ಬೆರಳೊಂದೇ ಕಂದು,
ಮೂಸಿದರೆ ಬಿಸ್ಕತ್ತಿನ ವಾಸನೆ.